ದೂರದ ಗ್ರಹ ಹಸುರು, ಕಾಲಡಿಯ ಬೆಟ್ಟ ಪಾಳು?

ಕಳೆದ ಫೆಬ್ರವರಿಯಲ್ಲಿ, ವಿಜ್ಞಾನ ದಿನದಂದು, ನಮ್ಮೂರಿಗೆ ಸಮೀಪದ ಪ್ರೌಢಶಾಲೆಯೊಂದಕ್ಕೆ ಮಣ್ಣಿನ ಬಗ್ಗೆ ಮಾತನಾಡಲು ಹೋಗಿದ್ದೆ. ಸಭಾಂಗಣದ ಗೋಡೆಯ ಮೇಲೆ ಎರಡು ದೊಡ್ಡ ಚಿತ್ರಗಳಿದ್ದವು. ಒಂದರಲ್ಲಿ ಹಿಮ ಹೊದ್ದ ಬೆಟ್ಟಗಳ ನಡುವೆ, ನೀಲಿ ಆಕಾಶದಲ್ಲಿ, ಬಳೆ ತೊಟ್ಟ ಶನಿ ತೇಲುತ್ತಿದ್ದ. ಇನ್ನೊಂದರಲ್ಲಿ ಕೆಂಪು ಎಲೆಯ ಮರಗಳು, ಕೆಂಪು ಹುಲ್ಲು, ಬಿಳಿಯ ಬೇಲಿ, ಬೇಲಿಯಾಚೆ ಹೆಸರಿಗೆ ಬದಲು ಅಂಕಿ ಅಂಟಿಸಿಕೊಂಡ ಯಾವುದೋ ದೂರದ ಗ್ರಹ. ಅಪೂರ್ವ ಚೆಲುವಿನ ಚಿತ್ರಗಳು ಎಂಬುದರಲ್ಲಿ ಎರಡು ಮಾತಿಲ್ಲ. ನಾನೂ ನಿಂತು ನೋಡಿದೆ.

ಮಾತು ಮುಗಿದ ಮೇಲೆ ಎಂಟನೆಯ ತರಗತಿಯ ಬಾಲಕಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಇಲ್ಲಿ ಮಣ್ಣೆಲ್ಲ ಹಾಳಾದ್ರೂ ಅಲ್ಲಿಗೆ ಹೋಗಬಹುದಲ್ವಾ?" ಅವಳ ಬೆರಳು ಗೋಡೆಯ ಕಡೆಗಿತ್ತು. ಮಕ್ಕಳು ನಕ್ಕರು, ಶಿಕ್ಷಕರೂ ನಕ್ಕರು. ನನಗೆ ನಗು ಬರಲಿಲ್ಲ. ಆ ಮಗು ತಮಾಷೆ ಮಾಡಿರಲಿಲ್ಲ. ಗೋಡೆ ಏನನ್ನು ಕಲಿಸಿತ್ತೋ ಅದನ್ನೇ ನಮಗೆ ಒಪ್ಪಿಸಿದ್ದಳು.

ಈ ಲೇಖನ ಆ ಗೋಡೆಯ ವಿರುದ್ಧ. ಚಿತ್ರಕಲೆಯ ವಿರುದ್ಧವಲ್ಲ, ಖಗೋಳ ವಿಜ್ಞಾನದ ವಿರುದ್ಧವಂತೂ ಅಲ್ಲವೇ ಅಲ್ಲ. ನಕ್ಷತ್ರಗಳನ್ನೂ ಕಾಣದ ಗ್ರಹಗಳನ್ನೂ ಚಿತ್ರಿಸಿದ ಹಳೆಯ ಕಲಾವಿದರು ದೊಡ್ಡವರು. ಆದರೆ ಅವರ ಚಿತ್ರಗಳನ್ನು ನಮ್ಮ ಕೈಗೆ ಕೊಡುವವರು ಯಾವುದು ಕಂಡದ್ದು, ಯಾವುದು ಊಹಿಸಿದ್ದು ಎಂಬುದನ್ನು ಹೇಳದೆ ಕೊಡುತ್ತಾರೆ. ಆ ಮೌನಕ್ಕೆ ಬೆಲೆ ತೆರುವುದು ಭೂಮಿ. ಅದರಲ್ಲೂ ನಮ್ಮಂಥ ಬೆಟ್ಟದ ಭೂಮಿ.

ಕಣ್ಣು ಕಂಡದ್ದು, ಕುಂಚ ಕಟ್ಟಿದ್ದು

ಮೊದಲು ಶನಿಯ ಚಿತ್ರವನ್ನೇ ತೆಗೆದುಕೊಳ್ಳೋಣ. ಅದನ್ನು ಬರೆದವರು ಅಮೆರಿಕದ ಚೆಸ್ಲಿ ಬೋನ್‌ಸ್ಟೆಲ್ (1888-1986). ವೃತ್ತಿಯಿಂದ ಕಟ್ಟಡಗಳ ಚಿತ್ರಕಾರ. ಸ್ಯಾನ್‌ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ ಕಟ್ಟುವ ಮುನ್ನ ಅದು ಹೇಗೆ ಕಾಣುತ್ತದೆಂದು ಜನರಿಗೆ ಚಿತ್ರಿಸಿ ತೋರಿಸಿದವರು. ಹಾಲಿವುಡ್ ಚಲನಚಿತ್ರಗಳಿಗೆ ಹಿನ್ನೆಲೆಯ ದೃಶ್ಯಗಳನ್ನು ಬರೆದವರು. 1944ರ ಮೇ ತಿಂಗಳಲ್ಲಿ 'ಲೈಫ್' ಪತ್ರಿಕೆ ಶನಿಯನ್ನು ಅದರ ಬೇರೆ ಬೇರೆ ಉಪಗ್ರಹಗಳ ಮೇಲೆ ನಿಂತು ನೋಡಿದಂತೆ ಅವರು ಬರೆದ ಚಿತ್ರಮಾಲೆಯನ್ನು ಪ್ರಕಟಿಸಿತು. ಅದರಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಟೈಟನ್ ಎಂಬ ಉಪಗ್ರಹದಿಂದ ಕಂಡ ಶನಿ. ಟೈಟನ್ ಎಷ್ಟು ದೂರದಲ್ಲಿದೆ, ಅಲ್ಲಿಂದ ಶನಿ ಎಷ್ಟು ದೊಡ್ಡದಾಗಿ, ಯಾವ ಕೋನದಲ್ಲಿ ಕಾಣಬೇಕು ಎಂಬುದನ್ನು ಅವರು ಲೆಕ್ಕ ಹಾಕಿಯೇ ಬರೆದಿದ್ದರು. ಆ ಲೆಕ್ಕ ಸರಿ. ಆದರೆ ನೀಲಿ ಆಕಾಶ? ಹಿಮದ ಬೆಟ್ಟ? ಅವು ಊಹೆ.

2005ರ ಜನವರಿ 14ರಂದು ಹೈಗನ್ಸ್ ಎಂಬ ನೌಕೆ ಟೈಟನ್ನಿನ ನೆಲಕ್ಕೆ ಇಳಿಯಿತು. ಅಲ್ಲಿ ಕಂಡದ್ದು ಕಿತ್ತಳೆ ಬಣ್ಣದ ದಟ್ಟ ಮಬ್ಬು, ಮೈನಸ್ 180 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಚಳಿ, ನೀರ್ಗಲ್ಲಿನ ಉರುಟು ಬೆಣಚುಗಳು. ಆ ಮಬ್ಬಿನೊಳಗಿಂದ ಬರಿಗಣ್ಣಿಗೆ ಶನಿ ಕಾಣುವುದೇ ಇಲ್ಲ. ಅಂದರೆ ಆ ಚಿತ್ರದಲ್ಲಿ ಕೋನ ಸತ್ಯ, ನೋಟ ಸುಳ್ಳು. ಕಲಾವಿದನನ್ನು ಇದಕ್ಕಾಗಿ ದೂರಲಾಗದು. 1944ರಲ್ಲಿ ಯಾರಿಗೂ ತಿಳಿದಿರಲಿಲ್ಲ. ಆದರೆ ಇಪ್ಪತ್ತು ವರ್ಷಗಳಿಗೂ ಹಿಂದೆಯೇ ಸತ್ಯ ತಿಳಿದ ಮೇಲೂ ಅದೇ ಚಿತ್ರವನ್ನು ಒಂದು ಸಾಲಿನ ವಿವರಣೆಯಿಲ್ಲದೆ ಮಕ್ಕಳ ಮುಂದೆ ನೇತುಹಾಕುವವರನ್ನು ದೂರಲೇಬೇಕು.

ಚಂದ್ರನ ಕಥೆ ಇನ್ನೂ ಸ್ವಾರಸ್ಯದ್ದು. ಉಗಿ ಸುತ್ತಿಗೆಯನ್ನು ರೂಪಿಸಿದ ಯಂತ್ರಶಿಲ್ಪಿ ಜೇಮ್ಸ್ ನ್ಯಾಸ್ಮಿತ್ 1874ರಲ್ಲಿ ಚಂದ್ರನ ಬಗ್ಗೆ ಜೇಮ್ಸ್ ಕಾರ್ಪೆಂಟರ್ ಜೊತೆಗೂಡಿ ಒಂದು ಗ್ರಂಥ ಪ್ರಕಟಿಸಿದರು. ದೂರದರ್ಶಕದಲ್ಲಿ ಕಂಡದ್ದನ್ನು ಗಾರೆಯಲ್ಲಿ ಮಾದರಿ ಮಾಡಿ, ಬಿಸಿಲಿಗಿಟ್ಟು, ಅದರ ಛಾಯಾಚಿತ್ರ ತೆಗೆದು ಪುಸ್ತಕದಲ್ಲಿ ಮುದ್ರಿಸಿದರು. ಮಾದರಿಯಲ್ಲಿ ಬೆಟ್ಟಗಳು ಕಡಿದಾಗಿ, ಚೂಪಾಗಿ ಬಂದವು. ಚಂದ್ರನ ಬೆಟ್ಟದ ನೆರಳು ಉದ್ದವಾಗಿ, ಮೊನಚಾಗಿ ಬೀಳುತ್ತದೆ; ನೆರಳು ಚೂಪಾದರೆ ಬೆಟ್ಟವೂ ಚೂಪು ಎಂದು ಕಣ್ಣು ನಂಬಿಬಿಡುತ್ತದೆ. ಸಂಜೆಯ ಓರೆ ಬಿಸಿಲಿನಲ್ಲಿ ಗದ್ದೆಯ ಬದುವಿನ ನೆರಳು ಎಷ್ಟುದ್ದ ಬೀಳುತ್ತದೆಂದು ನೋಡಿದ ನಮ್ಮ ರೈತರಿಗೆ ಈ ಮೋಸವನ್ನು ವಿವರಿಸಬೇಕಾಗಿಲ್ಲ.

ಫ್ರಾನ್ಸಿನ ಲೂಸಿಯನ್ ರುದೋ ಮಾತ್ರ ಬೇರೊಂದು ಕೆಲಸ ಮಾಡಿದರು. ಅವರು ಚಂದ್ರಬಿಂಬದ ಅಂಚನ್ನು ನೋಡಿದರು. ಅಂಚಿನಲ್ಲಿ ಬೆಟ್ಟದ ನಿಜವಾದ ಆಕಾರ ಕಪ್ಪು ಆಕಾಶಕ್ಕೆ ಎದುರಾಗಿ ತೋರುತ್ತದೆ. ಅಲ್ಲಿ ಬೆಟ್ಟಗಳು ಗುಂಡಗೆ, ಸವೆದಂತೆ ಇದ್ದವು. 1937ರ ತಮ್ಮ ಗ್ರಂಥದಲ್ಲಿ ಅವರು ಚಂದ್ರನ ಬೆಟ್ಟಗಳನ್ನು ಹಾಗೆಯೇ ಬರೆದರು. ಆದರೂ ಜನರು ಮೆಚ್ಚಿದ್ದು ಚೂಪು ಬೆಟ್ಟಗಳನ್ನು. ಬಾಸ್ಟನ್ನಿನ ವಿಜ್ಞಾನ ಸಂಗ್ರಹಾಲಯದಲ್ಲಿ 1957ರಲ್ಲಿ ಬೋನ್‌ಸ್ಟೆಲ್ಲರ ನಲವತ್ತು ಅಡಿ ಉದ್ದದ ಚಂದ್ರದೃಶ್ಯವನ್ನು ಗೋಡೆಗೆ ಏರಿಸಲಾಯಿತು. 1969ರಲ್ಲಿ ಮನುಷ್ಯರು ಚಂದ್ರನ ಮೇಲಿಳಿದರು. 1970ರಲ್ಲಿ ಆ ಚಿತ್ರ ಗೋಡೆಯಿಂದ ಇಳಿಯಿತು. 'ದೂರದ ಬೆಟ್ಟ ನುಣ್ಣಗೆ' ಎಂಬ ನಮ್ಮ ಗಾದೆ ಚಂದ್ರನಲ್ಲಿ ಮಾತ್ರ ತಿರುವುಮುರುವು: ದೂರದಿಂದ ಮೊನಚು, ಹತ್ತಿರ ಹೋದರೆ ನುಣುಪು. 2023ರ ಆಗಸ್ಟಿನಲ್ಲಿ ನಮ್ಮ ಚಂದ್ರಯಾನ-3 ಕಳುಹಿಸಿದ ಚಿತ್ರಗಳಲ್ಲಿಯೂ ನಾವು ಕಂಡದ್ದು ಅಂಥದೇ ಸವೆದ, ಕುಳಿಬಿದ್ದ ನೆಲವನ್ನು.

ಮಂಗಳನ ವಿಷಯದಲ್ಲಂತೂ ಕುಂಚ ಕಣ್ಣನ್ನೇ ಆಳಿತು. 1877ರಲ್ಲಿ ಇಟಲಿಯ ಸ್ಕಿಯಾಪರೆಲ್ಲಿ ಮಂಗಳನ ಮೇಲೆ ಗೆರೆಗಳನ್ನು ಗುರುತಿಸಿದರು. ಅಮೆರಿಕದ ಶ್ರೀಮಂತ ಪರ್ಸಿವಲ್ ಲೋವೆಲ್ ಅವನ್ನು ನೀರಾವರಿ ಕಾಲುವೆಗಳೆಂದು ಸಾರಿ, 1895ರಿಂದ ಪುಸ್ತಕದ ಮೇಲೆ ಪುಸ್ತಕ ಬರೆದು, ಧ್ರುವದ ಹಿಮ ಕರಗಿಸಿ ಬೇಸಾಯ ಮಾಡುವ ಒಂದು ನಾಗರಿಕತೆಯನ್ನೇ ಅಲ್ಲಿ ಕಟ್ಟಿದರು. 1903ರಲ್ಲಿ ಇಂಗ್ಲೆಂಡಿನ ಮಾಂಡರ್ ಎಂಬ ಖಗೋಳಜ್ಞರು ಒಂದು ಸರಳ ಪ್ರಯೋಗ ಮಾಡಿದರು. ಗ್ರೀನಿಚ್‌ನ ಶಾಲೆಯ ಹುಡುಗರ ಮುಂದೆ ಚುಕ್ಕಿ, ಮಸುಕು ಕಲೆಗಳಿದ್ದ, ಕಾಲುವೆಗಳಿಲ್ಲದ ಒಂದು ಬಿಂಬವನ್ನಿಟ್ಟು ಕಂಡಂತೆ ಬರೆಯಲು ಹೇಳಿದರು. ದೂರ ಕುಳಿತ ಹುಡುಗರಲ್ಲಿ ಹಲವರು ಚುಕ್ಕಿಗಳನ್ನು ಸೇರಿಸಿ ನೇರ ಗೆರೆ ಎಳೆದರು! 1965ರಲ್ಲಿ ಮ್ಯಾರಿನರ್-4 ನೌಕೆ ಮಂಗಳನ ಬಳಿ ಹಾದುಹೋದಾಗ ಕಂಡದ್ದು ಕುಳಿಗಳು. ಕಾಲುವೆ ಒಂದೂ ಇರಲಿಲ್ಲ.

ಶುಕ್ರನ ಕಥೆಯೂ ಅಷ್ಟೇ. ಮೋಡ ಮುಚ್ಚಿದೆ, ಆದುದರಿಂದ ಮಳೆಯಿದೆ, ಆದುದರಿಂದ ಜೌಗು ಕಾಡಿದೆ ಎಂದು ತರ್ಕಿಸಿ ಹಸುರು ಶುಕ್ರನನ್ನು ಬರೆದವರುಂಟು. 1970ರಲ್ಲಿ ರಷ್ಯನ್ನರ ವೆನೆರಾ-7 ಇಳಿದು ನೋಡಿದಾಗ ಅಲ್ಲಿದ್ದುದು ಸೀಸವೇ ಕರಗುವಷ್ಟು ಬಿಸಿ ಮತ್ತು ಇಂಗಾಲದ ಡೈ ಆಕ್ಸೈಡಿನ ಒತ್ತಡದ ಬಾಣಲೆ.

ನಕ್ಷತ್ರ ಬರೆದ ಕೈ, ಬಿಟ್ಟುಬಿಟ್ಟ ಹುಳು

'ಊಹೆ ತಪ್ಪಿದರೆ ತಪ್ಪಲಿ, ಯಾರ ಗಂಟೇನು ಹೋಯಿತು?' ಎಂದು ಯಾರಾದರೂ ಕೇಳಬಹುದು. ಅವರಿಗೆ ಉತ್ತರವಾಗಿ, ಊಹೆ ಮಾಡದೆ ಕಂಡದ್ದನ್ನೇ ಬರೆದ ಒಬ್ಬ ಮಹಾ ಕಲಾವಿದನ ಕಥೆ ಹೇಳುತ್ತೇನೆ. ಕೃಷಿವಿಜ್ಞಾನಿಯಾದ ನನಗೆ ಈತ ಮೊದಲು ಪರಿಚಯವಾದದ್ದು ಚಿತ್ರಗಳಿಂದಲ್ಲ, ಕೀಟಶಾಸ್ತ್ರದ ಪಾಠದಿಂದ.

ಎಟಿಯೆನ್ ಲಿಯೋಪೋಲ್ಡ್ ಟ್ರುವೆಲೋ 1827ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ. 1851ರಲ್ಲಿ ಲೂಯಿ ನೆಪೋಲಿಯನ್ ಅಧಿಕಾರ ಕಸಿದುಕೊಂಡ ಬಳಿಕ ದೇಶ ಬಿಟ್ಟು ಅಮೆರಿಕಕ್ಕೆ ಹೋಗಿ ಮ್ಯಾಸಚೂಸೆಟ್ಸ್ ರಾಜ್ಯದ ಮೆಡ್‌ಫರ್ಡ್ ಎಂಬಲ್ಲಿ ನೆಲೆಸಿದ. ಅಲ್ಲಿಯ ಕಾಡಿನ ದೊಡ್ಡ ಪತಂಗವೊಂದರಿಂದ ರೇಷ್ಮೆ ತೆಗೆಯುವ ಹುಚ್ಚು ಹತ್ತಿ, ಮನೆಯ ಹಿಂದಿನ ಜಾಗದಲ್ಲಿ ಬಲೆ ಕಟ್ಟಿ ಲಕ್ಷಾಂತರ ಹುಳುಗಳನ್ನು ಸಾಕಿದ. 1860ರ ದಶಕದ ಕೊನೆಯಲ್ಲಿ ಯುರೋಪಿನಿಂದ ಇನ್ನೊಂದು ಪತಂಗದ ಮೊಟ್ಟೆಗಳನ್ನು ತಂದ. ಲಿಮ್ಯಾಂಟ್ರಿಯಾ ಡಿಸ್ಪಾರ್ ಎಂಬುದು ಅದರ ಶಾಸ್ತ್ರೀಯ ಹೆಸರು. ಬಹುಕಾಲ ಜಿಪ್ಸಿ ಪತಂಗವೆಂದು ಕರೆಯಲ್ಪಟ್ಟದ್ದು. ಅದರ ಕೆಲವು ಕಂಬಳಿಹುಳುಗಳು ತಪ್ಪಿಸಿಕೊಂಡವು. ಆತ ಗಾಬರಿಗೊಂಡು ತಿಳಿದವರಿಗೆ ಎಚ್ಚರಿಕೆ ಕೊಟ್ಟನೆಂದೂ ಯಾರೂ ಕಿವಿಗೊಡಲಿಲ್ಲವೆಂದೂ ಹೇಳಲಾಗುತ್ತದೆ.

ಅದಾದ ಕೆಲವೇ ಕಾಲದಲ್ಲಿ ಟ್ರುವೆಲೋ ಹುಳುಗಳನ್ನು ಬಿಟ್ಟು ಆಕಾಶದ ಕಡೆಗೆ ತಿರುಗಿದ. ಉತ್ತರದ ಆಕಾಶದಲ್ಲಿ ಕಂಡ ಅರುಣಪ್ರಭೆಯನ್ನು ಆತ ಬರೆದ ಬಗೆ ನೋಡಿ ಹಾರ್ವರ್ಡ್ ವೀಕ್ಷಣಾಲಯದವರು 1872ರಲ್ಲಿ ಕರೆಸಿಕೊಂಡರು. ಮುಂದೆ ಅಮೆರಿಕದ ನೌಕಾ ವೀಕ್ಷಣಾಲಯದ 26 ಅಂಗುಲದ ದೂರದರ್ಶಕದಲ್ಲಿಯೂ ಕಣ್ಣಿಟ್ಟು ನೋಡಿದ. ಗಾಜಿನ ಮೇಲೆ ಚೌಕುಳಿ ಗೆರೆ ಎಳೆದು, ಆ ಗೆರೆಗಳ ಮೂಲಕ ಆಕಾಶಕಾಯವನ್ನು ನೋಡಿ, ಚೌಕುಳಿ ಕಾಗದದ ಮೇಲೆ ಅಳತೆ ತಪ್ಪದಂತೆ ಬರೆದ. ಸುಮಾರು ಏಳು ಸಾವಿರ ಚಿತ್ರಗಳು! ಅವುಗಳಲ್ಲಿ ಹದಿನೈದನ್ನು ಆಯ್ದು 1881-82ರಲ್ಲಿ ಬಣ್ಣದ ಕಲ್ಲಚ್ಚಿನಲ್ಲಿ ಮುದ್ರಿಸಲಾಯಿತು: ಸೂರ್ಯಕಲೆಗಳು, 1874ರ ಶನಿ, 1877ರ ಮಂಗಳ, 1878ರ ಸೂರ್ಯಗ್ರಹಣ, ಆಕಾಶಗಂಗೆ, ಉಲ್ಕಾವರ್ಷ. ಇಂದಿಗೂ ಅವನ್ನು ನೋಡಿದರೆ ಉಸಿರು ಬಿಗಿಯುತ್ತದೆ. 1882ರಲ್ಲಿ ಆತ ಫ್ರಾನ್ಸಿಗೆ ಮರಳಿದ, 1895ರಲ್ಲಿ ತೀರಿಕೊಂಡ.

ಹುಳು ಮರಳಲಿಲ್ಲ. ಇಪ್ಪತ್ತು ವರ್ಷ ಮೌನವಾಗಿ ಸಂಸಾರ ಬೆಳೆಸಿ, 1889ರಲ್ಲಿ ಮೆಡ್‌ಫರ್ಡಿನ ಮೇಲೆ ಮುಗಿಬಿತ್ತು. ಮರಗಳು ಬೇಸಿಗೆಯ ನಡುವೆ ಬೋಳಾದವು. ಮನೆಯ ಗೋಡೆ, ಕಾಲುದಾರಿಗಳೆಲ್ಲ ಹುಳುಗಳಿಂದ ಮುಚ್ಚಿಹೋದವು. 1890ರಲ್ಲಿ ಸರ್ಕಾರ ನಿರ್ಮೂಲನಕ್ಕೆ ಹೊರಟಿತು. ಮೊದಲು ಪ್ಯಾರಿಸ್ ಗ್ರೀನ್ ಎಂಬ ಆರ್ಸೆನಿಕ್ ವಿಷ. ಅದು ಎಲೆ ಸುಟ್ಟದ್ದರಿಂದ ಈ ಹುಳುವಿಗೆಂದೇ ಸೀಸದ ಆರ್ಸೆನೇಟ್ ಎಂಬ ಹೊಸ ವಿಷ. ಅದು ಮುಂದೆ ಸೇಬಿನ ತೋಟಗಳಿಗೂ ಹಬ್ಬಿ, ಮಣ್ಣಿನಲ್ಲಿ ಇಂದಿಗೂ ಉಳಿದಿದೆ. 1900ರಲ್ಲಿ ಹುಳು ಕಡಿಮೆಯಾಯಿತೆಂದು ಹಣ ನಿಲ್ಲಿಸಿದರು. ಐದು ವರ್ಷದಲ್ಲಿ ಅದು ಮತ್ತೆ ಎದ್ದಿತು. 1906ರಲ್ಲಿ ಅದನ್ನು ತಿನ್ನಲೆಂದು ಯುರೋಪಿನಿಂದ ಪರೋಪಜೀವಿ ನೊಣವೊಂದನ್ನು ತಂದರು. ಆ ನೊಣ ಅಮೆರಿಕದ ಸ್ಥಳೀಯ ದೊಡ್ಡ ರೇಷ್ಮೆ ಪತಂಗಗಳನ್ನೂ ಕೊಲ್ಲುತ್ತಿರುವುದು 2000ನೆಯ ಇಸವಿಯ ಒಂದು ಅಧ್ಯಯನದಲ್ಲಿ ಸ್ಪಷ್ಟವಾಯಿತು. ಟ್ರುವೆಲೋ ಮೊದಲು ಪ್ರೀತಿಸಿ ಸಾಕಿದ್ದು ಅಂಥ ಪತಂಗಗಳನ್ನೇ.

ಕೊನೆಗೆ ಬಂತು ಡಿಡಿಟಿ. 1957ರಲ್ಲಿ ನ್ಯೂಯಾರ್ಕ್ ಮತ್ತು ನೆರೆರಾಜ್ಯಗಳಲ್ಲಿ ವಿಮಾನಗಳಿಂದ ಲಕ್ಷಾಂತರ ಎಕರೆಯ ಮೇಲೆ, ಹಾಲಿನ ಹಸು, ತರಕಾರಿ ಮಡಿ, ಆಡುವ ಮಕ್ಕಳು ಎಂಬ ಭೇದವಿಲ್ಲದೆ, ಅದನ್ನು ಸುರಿಯಲಾಯಿತು. ಲಾಂಗ್ ಐಲೆಂಡಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಸಿಂಪಡಣೆಯನ್ನು ತಡೆಯಲು ಅವರಿಂದ ಆಗಲಿಲ್ಲ. ಆದರೆ ಆ ಮೊಕದ್ದಮೆಯ ಕಡತಗಳು ರೇಚಲ್ ಕಾರ್ಸನ್ನರಿಗೆ ಸಾಮಗ್ರಿಯಾದವು. 1962ರ ಅವರ 'ಸೈಲೆಂಟ್ ಸ್ಪ್ರಿಂಗ್' ಈ ಪ್ರಕರಣವನ್ನು ಲೋಕದ ಮುಂದಿಟ್ಟಿತು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದುದನ್ನು ಬಲ್ಲ ನಮ್ಮ ಓದುಗರಿಗೆ ಈ ಕಥೆಯಲ್ಲಿ ಹೊಸದೇನೂ ಕಾಣದು. ಡಿಡಿಟಿಯೂ ಹುಳುವನ್ನು ಮುಗಿಸಲಿಲ್ಲ. 1981ರ ಒಂದೇ ವರ್ಷದಲ್ಲಿ ಅದು ಸುಮಾರು 129 ಲಕ್ಷ ಎಕರೆ ಕಾಡನ್ನು ಬೋಳಿಸಿತು.

ಕೋಟ್ಯಂತರ ಮೈಲಿ ಆಚೆಗಿನ ಶನಿಯ ಬಳೆಯ ನೆರಳನ್ನು ತಪ್ಪದೆ ಬರೆದ ಕಣ್ಣಿಗೆ ಹಿತ್ತಿಲಿನ ಬಲೆಯ ಹರಕು ಕಾಣದೆ ಹೋಯಿತು. ಇದು ಒಬ್ಬ ಮನುಷ್ಯನ ದೋಷವೆಂದು ನಾನು ಹೇಳುತ್ತಿಲ್ಲ. ಆತನನ್ನು ಇಂದಿಗೂ ಕೀಟಶಾಸ್ತ್ರದ ಪುಸ್ತಕ ಶಪಿಸುತ್ತದೆ, ಕಲೆಯ ಪುಸ್ತಕ ಹೊಗಳುತ್ತದೆ. ಎರಡೂ ಪುಸ್ತಕಗಳು ಒಂದನ್ನೊಂದು ಓದುವುದಿಲ್ಲ. ಆ ಓದದಿರುವಿಕೆಯೇ ನಮ್ಮ ಕಾಲದ ರೋಗ.

ನಮ್ಮ ಬೆಟ್ಟದ ಮೇಲಿನ ವೀಕ್ಷಣಾಲಯ

ಇದೇ ರೋಗ ನಮ್ಮ ಪಶ್ಚಿಮ ಘಟ್ಟದಲ್ಲಿಯೂ ಇದೆ. ತಮಿಳುನಾಡಿನ ಪಳನಿ ಬೆಟ್ಟದಲ್ಲಿ ಕೊಡೈಕನಾಲ್ ಸೌರ ವೀಕ್ಷಣಾಲಯವಿದೆ. 1899ರಲ್ಲಿ ಸ್ಥಾಪನೆಯಾದದ್ದು, ಈಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಆಡಳಿತದಲ್ಲಿದೆ. 1904ರಿಂದ ಅಲ್ಲಿ ಸೂರ್ಯನ ಛಾಯಾಚಿತ್ರಗಳನ್ನು ತೆಗೆಯುತ್ತ ಬಂದಿದ್ದಾರೆ. ಜೊತೆಗೆ, ಸೂರ್ಯನ ಮೇಲಿನ ಕಲೆಗಳನ್ನೂ ಜ್ವಾಲೆಗಳನ್ನೂ ಕೈಯಿಂದಲೇ ಬಣ್ಣ ಬಳಸಿ ಗುರುತಿಸಿದ ನಕ್ಷೆಗಳು ಒಂದು ಶತಮಾನಕ್ಕೂ ಮಿಕ್ಕಿ ಅಲ್ಲಿ ಸಂಗ್ರಹವಾಗಿವೆ. ಹೆಸರು ತಿಳಿಯದ ಎಷ್ಟೋ ಕೈಗಳು ದಿನದಿನವೂ ಕಂಡದ್ದನ್ನಷ್ಟೇ ಬರೆದ ಆ ಹಾಳೆಗಳನ್ನು ನಾನು ಬೋನ್‌ಸ್ಟೆಲ್ಲರ ಎಲ್ಲ ಚಿತ್ರಗಳಿಗಿಂತ ಮೇಲಿಡುತ್ತೇನೆ.

ಆದರೆ ಅದೇ ಕಾಲದಲ್ಲಿ ವೀಕ್ಷಣಾಲಯದ ಸುತ್ತಲಿನ ಬೆಟ್ಟಕ್ಕೆ ಏನಾಯಿತು? ಶೋಲಾ ಕಾಡಿನ ನಡುನಡುವೆ ಹರಡಿದ್ದ ಹುಲ್ಲುಗಾವಲನ್ನು 'ಮರವಿಲ್ಲದ ವ್ಯರ್ಥ ಭೂಮಿ' ಎಂದು ಬಗೆದು ವ್ಯಾಟಲ್, ನೀಲಗಿರಿ, ಪೈನ್ ನೆಡಲಾಯಿತು. ಉಪಗ್ರಹ ಚಿತ್ರಗಳನ್ನಾಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಪಳನಿ ಬೆಟ್ಟಗಳ ಹುಲ್ಲುಗಾವಲು ನಾಲ್ಕು ದಶಕಗಳಲ್ಲಿ ಮೂರರಲ್ಲಿ ಎರಡು ಪಾಲು ಕುಗ್ಗಿದೆ. ಸೂರ್ಯನ ಮೇಲಿನ ಪ್ರತಿ ಕಲೆಗೂ ದಿನಚರಿ ಇದೆ. ಅಳಿದ ಪ್ರತಿ ಹುಲ್ಲಿಗೆ ದಿನಚರಿ ಬರೆದವರು ಯಾರು?

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳದೆ ಮುಂದೆ ಹೋಗುವುದು ಅಪ್ರಾಮಾಣಿಕವಾದೀತು. ಹದಿನೈದು ವರ್ಷಗಳ ಹಿಂದೆ, ಡಾಕ್ಟರೇಟ್ ಪಡೆದ ಹೊಸತರಲ್ಲಿ, ಭೂಬಳಕೆಯ ಸಮೀಕ್ಷೆಯೊಂದರಲ್ಲಿ ಕೆಲಸ ಮಾಡಿದ್ದೆ. ನಕ್ಷೆಗೆ ಬಣ್ಣ ಹಚ್ಚುವ ಸೂಚಿ ಕೊಟ್ಟಿದ್ದರು: ಗದ್ದೆ ತೋಟಕ್ಕೊಂದು ಹಸುರು, ಕಾಡಿಗೊಂದು ಹಸುರು, ಉಳಿದದ್ದಕ್ಕೆ ಹಳದಿ. ಹಳದಿ ಎಂದರೆ ಪಾಳು. ನಮ್ಮದೇ ಸೀಮೆಯ ಒಂದು ಬೇಣವನ್ನು ನಾನು ಸ್ಥಳಕ್ಕೆ ಹೋಗದೆ, ಮೇಜಿನ ಮೇಲೆಯೇ ಹಳದಿ ಮಾಡಿದೆ. ವರದಿ ಹೋಯಿತು. ಎರಡು ವರ್ಷದ ಬಳಿಕ ಅಲ್ಲಿ ಅಕೇಶಿಯಾ ಸಸಿಗಳ ಸಾಲು ಎದ್ದಿತು.

ಆಮೇಲೊಮ್ಮೆ ಆ ಊರಿನ ಹಿರಿಯರೊಬ್ಬರು ನನ್ನನ್ನು ಅಲ್ಲಿಗೆ ಕರೆದೊಯ್ದರು. "ತಮಾ, ನೀನು ಓದಿದವ. ಇಲ್ಲಿ ಏನೇನಿತ್ತು ಬರಕೋ" ಎಂದು ಕೋಲಿನಿಂದ ನೆಲ ತೋರಿಸುತ್ತ ಹೇಳತೊಡಗಿದರು: ಸೂರಿಗೆ ಹೊದಿಸುವ ಕರಡ ಎಲ್ಲಿ ಬೆಳೆಯುತ್ತಿತ್ತು, ಹಾಲು ಹೆಚ್ಚಿಸುವ ಹುಲ್ಲು ಯಾವುದು, ಕಾಡುಕೋಣ ಯಾವ ತಿಂಗಳಲ್ಲಿ ಇಳಿಯುತ್ತಿತ್ತು, ಹಳ್ಳದ ತಲೆ ಎಲ್ಲಿ. ನನ್ನ ಟಿಪ್ಪಣಿ ಪುಸ್ತಕದ ನಾಲ್ಕು ಪುಟ ತುಂಬಿತು. ನಾಲ್ಕು ಪುಟದಷ್ಟು ಲೋಕವನ್ನು ನಾನು ಒಂದು ಹಳದಿ ಚುಕ್ಕೆ ಮಾಡಿದ್ದೆ. ಆ ಹಳ್ಳ ಈಗ ಮೊದಲಿಗಿಂತ ಬೇಗ ಬತ್ತುತ್ತದೆ ಎಂದು ಊರವರು ಹೇಳುತ್ತಾರೆ. ಅದಕ್ಕೆ ಅಕೇಶಿಯಾ ಒಂದೇ ಕಾರಣವೆಂದು ವಿಜ್ಞಾನಿಯಾಗಿ ನಾನು ಹೇಳಲಾರೆ. ಮೊದಲೂ ಯಾರೂ ಅಳೆಯಲಿಲ್ಲ, ಆಮೇಲೂ ಅಳೆಯಲಿಲ್ಲ. ಮಾಂಡರರ ಶಾಲಾ ಹುಡುಗರು ದೂರದಿಂದ ಇಲ್ಲದ ಗೆರೆ ಎಳೆದರು. ನಾನು ದೂರದಿಂದ ಇದ್ದ ಲೋಕವನ್ನು ಅಳಿಸಿದೆ. ಹುಡುಗರ ತಪ್ಪಿನಿಂದ ಮಂಗಳನಿಗೇನೂ ಆಗಲಿಲ್ಲ.

ಬರಿದು ನೆಲದ ಮೋಹ

ಇಲ್ಲಿಯೇ ನನ್ನ ಮುಖ್ಯ ಆಕ್ಷೇಪವಿದೆ. ಕಲ್ಪಿತ ಗ್ರಹಗಳ ಚಿತ್ರಗಳಲ್ಲಿ ಸಾಮಾನ್ಯವಾಗಿ ಏನಿರುತ್ತದೆ ಎಂದು ಗಮನಿಸಿ. ವಿಶಾಲವಾದ ಖಾಲಿ ನೆಲ. ಯಾರದೂ ಅಲ್ಲದ ನೆಲ. ಅಂಚಿನಲ್ಲಿ ಒಂದು ನೌಕೆ, ಇರುವೆಯಂತೆ ಒಂದಿಬ್ಬರು ಮನುಷ್ಯರು. ಬೋನ್‌ಸ್ಟೆಲ್ ಚಿತ್ರಗಳಿದ್ದ 1949ರ ಪ್ರಸಿದ್ಧ ಪುಸ್ತಕದ ಹೆಸರೇ 'ಅಂತರಿಕ್ಷದ ವಿಜಯ' ಎಂಬ ಅರ್ಥದ್ದು. 1952ರಲ್ಲಿ 'ಕಾಲಿಯರ್ಸ್' ಪತ್ರಿಕೆ ಅವರ ಚಿತ್ರಗಳೊಡನೆ ಆರಂಭಿಸಿದ ಲೇಖನಮಾಲೆಯ ಘೋಷಣೆಯೂ ಮನುಷ್ಯ ಅಂತರಿಕ್ಷವನ್ನು ಬೇಗನೆ ಗೆಲ್ಲುತ್ತಾನೆ ಎಂಬುದೇ. ಗೆಲ್ಲುವುದು, ಹಿಡಿಯುವುದು, ನೆಲೆಯೂರುವುದು: ಈ ಕ್ರಿಯಾಪದಗಳು ನಮಗೆ ಹೊಸವಲ್ಲ. ಬೆಟ್ಟಕ್ಕೆ ಬಂದ ಪ್ರತಿಯೊಂದು ಯೋಜನೆಯೂ ಮೊದಲು ಒಂದು ಬಣ್ಣದ ಚಿತ್ರವಾಗಿಯೇ ಬರುತ್ತದೆ. ಆ ಚಿತ್ರದಲ್ಲಿ ನಮ್ಮ ಮನೆಗಳಿರುವುದಿಲ್ಲ, ನಮ್ಮ ಸೊಪ್ಪಿನಬೆಟ್ಟ ಇರುವುದಿಲ್ಲ, ದೇವರಕಾಡು ಇರುವುದಿಲ್ಲ. ಮೊದಲು ಚಿತ್ರದಲ್ಲಿ ಖಾಲಿ ಮಾಡುತ್ತಾರೆ, ಆಮೇಲೆ ನೆಲದಲ್ಲಿ.

ಇನ್ನೊಂದು ಗೋಡೆಚಿತ್ರಕ್ಕೆ ಬರೋಣ. ಅದು 2015ರಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆ ಹಳೆಯ ಪ್ರವಾಸಿ ಜಾಹೀರಾತುಗಳ ಶೈಲಿಯಲ್ಲಿ ಮಾಡಿಸಿದ ವಿನೋದದ ಚಿತ್ರ. ಕೆಪ್ಲರ್-186ಎಫ್ ಎಂಬ ಆ ಗ್ರಹ ಪತ್ತೆಯಾದದ್ದು 2014ರಲ್ಲಿ. 500ಕ್ಕೂ ಹೆಚ್ಚು ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಬಗ್ಗೆ ಅಳೆದು ತಿಳಿದಿರುವುದು ಮುಖ್ಯವಾಗಿ ಎರಡು: ಗಾತ್ರ ಭೂಮಿಗಿಂತ ತುಸು ಹೆಚ್ಚು, ತನ್ನ ನಕ್ಷತ್ರವನ್ನು ಸುತ್ತಲು ಸುಮಾರು 130 ದಿನ. ತೂಕ ತಿಳಿಯದು, ಗಾಳಿ ಇದೆಯೇ ತಿಳಿಯದು, ನೀರು ತಿಳಿಯದು. ಆದರೆ ಚಿತ್ರದಲ್ಲಿ ಹುಲ್ಲೂ ಇದೆ, ಹುಲ್ಲಿಗೆ ಬೇಲಿಯೂ ಇದೆ! ವಿನೋದವನ್ನು ವಿನೋದವೆಂದು ಹೇಳಿದರೆ ತಪ್ಪಿಲ್ಲ. ಹೇಳದಿದ್ದರೆ ಎಂಟನೆಯ ತರಗತಿಯ ಮಗು ಅದನ್ನು ವಿಳಾಸವೆಂದು ತಿಳಿಯುತ್ತದೆ.

ಆ ಮಗುವಿಗಾಗಿ ಒಂದು ಲೆಕ್ಕ ಮಾಡೋಣ. ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ, ಸುಮಾರು 4.2 ಜ್ಯೋತಿರ್ವರ್ಷ. 1977ರಲ್ಲಿ ಹೊರಟ ವಾಯೇಜರ್-1 ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಆ ವೇಗದಲ್ಲಿ ಪ್ರಾಕ್ಸಿಮಾದಷ್ಟು ದೂರ ಕ್ರಮಿಸಲು ಸುಮಾರು 75,000 ವರ್ಷ ಬೇಕು. ಮನುಷ್ಯ ಬೇಸಾಯ ಕಲಿತು ಸುಮಾರು ಹತ್ತು ಸಾವಿರ ವರ್ಷವಾಗಿದೆ ಅಷ್ಟೇ.

ಇನ್ನು ಮಣ್ಣು. ಮಂಗಳದಲ್ಲಿ ಇರುವುದು ಕಲ್ಲಿನ ಪುಡಿ, ಮಣ್ಣಲ್ಲ. 2008ರಲ್ಲಿ ಫೀನಿಕ್ಸ್ ನೌಕೆ ಆ ಪುಡಿಯಲ್ಲಿ ಪರ್ಕ್ಲೋರೇಟ್ ಎಂಬ ವಿಷಕಾರಿ ಲವಣವನ್ನು ಕಂಡಿತು. 2022ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದವರು ಅಪೋಲೋ ಯಾತ್ರಿಕರು ತಂದ ಚಂದ್ರನ ಪುಡಿಯಲ್ಲಿ ಸಾಸಿವೆಯ ನೆಂಟನಾದ ಅರಬಿಡಾಪ್ಸಿಸ್ ಬೀಜ ಬಿತ್ತಿದರು. ಮೊಳಕೆ ಬಂತು. ಮಹತ್ವದ ಸಾಧನೆಯೇ ಸರಿ. ಆದರೆ ಸಸಿಗಳು ಕುಂಠಿತವಾಗಿ, ಒತ್ತಡದಲ್ಲಿ ಬೆಳೆದವು. ನೀರು, ಗಾಳಿ, ಪೋಷಕಾಂಶಗಳೆಲ್ಲ ಭೂಮಿಯವೇ. ಮಣ್ಣೆಂದರೆ ಕಲ್ಲು, ನೀರು, ಗಾಳಿ, ಬೇರು, ಎರೆಹುಳು, ಶಿಲೀಂಧ್ರ, ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು, ಇವೆಲ್ಲ ಸೇರಿ ಶತಮಾನಗಟ್ಟಲೆ ನಡೆಸಿದ ಸಂಸಾರ. ಒಂದು ಅಂಗುಲ ಮೇಲ್ಮಣ್ಣಿಗೆ ನೂರಾರು ವರ್ಷ ಬೇಕು. ಮರ ಕಡಿದ ಇಳಿಜಾರಿನಲ್ಲಿ ಅದು ಒಂದೇ ಮಳೆಗಾಲದಲ್ಲಿ ಹೊಳೆ ಸೇರಬಹುದು.

ಎದುರು ವಾದಕ್ಕೆ ಉತ್ತರ

ಈ ಚಿತ್ರಗಳು ಒಂದು ತಲೆಮಾರಿಗೆ ಸ್ಫೂರ್ತಿ ಕೊಟ್ಟವು, ಅವಿಲ್ಲದಿದ್ದರೆ ಚಂದ್ರಯಾತ್ರೆಗೆ ಜನಬೆಂಬಲವೇ ಸಿಗುತ್ತಿರಲಿಲ್ಲ, ಚಂದ್ರಯಾತ್ರೆ ಇಲ್ಲದಿದ್ದರೆ 1968ರ ಡಿಸೆಂಬರ್ 24ರಂದು ಅಪೋಲೋ-8ರಿಂದ ತೆಗೆದ ಭೂಮ್ಯುದಯದ ಛಾಯಾಚಿತ್ರವೂ ಇರುತ್ತಿರಲಿಲ್ಲ, ಪರಿಸರ ಚಳವಳಿಗೆ ಬಲ ಕೊಟ್ಟದ್ದೇ ಆ ಚಿತ್ರವಲ್ಲವೇ ಎಂದು ನನ್ನ ಗೆಳೆಯರೊಬ್ಬರು ವಾದಿಸುತ್ತಾರೆ. ಈ ವಾದದಲ್ಲಿ ಸತ್ಯಾಂಶವಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ವಾದ ನನ್ನ ಕಡೆಗೂ ಸಾಕ್ಷಿ ಹೇಳುತ್ತದೆ. ಕಲಾವಿದರು ಅಷ್ಟು ವರ್ಷ ಚಂದ್ರನನ್ನು ಬರೆದರು. ಯಾತ್ರಿಕರು ಅಲ್ಲಿಗೆ ಹೋಗಿ ತಿರುಗಿ ನೋಡಿದಾಗ ಬೂದು ನೆಲದ ಅಂಚಿನಲ್ಲಿ ಬಣ್ಣವಿದ್ದದ್ದು ಒಂದೇ ಒಂದಕ್ಕೆ. ಅಷ್ಟು ದೂರ ಹೋಗಿ ಕಲಿತ ಪಾಠ ಹೊಸ ಮನೆಯದಲ್ಲ, ಹಳೆಯ ಮನೆಯದು. ಆ ಪಾಠವನ್ನು ಕಲಿತ ಮೇಲೂ ಕಲಿಯುವ ಮೊದಲಿನ ಚಿತ್ರವನ್ನೇ ತೋರಿಸುವುದೇಕೆ?

ಮಕ್ಕಳ ಕಲ್ಪನೆಯನ್ನು ಕೊಲ್ಲಬೇಡಿ ಎನ್ನುವವರೂ ಇದ್ದಾರೆ. ನಾನು ಕೇಳುತ್ತಿರುವುದು ಕಲ್ಪನೆಯನ್ನು ಕೊಲ್ಲಲು ಅಲ್ಲ, ಅದಕ್ಕೆ ಹೆಸರಿಡಲು. 'ಇದು ಕಂಡದ್ದು, ಇದು ಲೆಕ್ಕ ಹಾಕಿದ್ದು, ಇದು ಊಹೆ' ಎಂಬ ಮೂರು ಮಾತನ್ನು ಪ್ರತಿ ಚಿತ್ರದ ಕೆಳಗೆ ಬರೆಯಲು ಎಷ್ಟು ಶಾಯಿ ಬೇಕು? ಯೋಜನಾ ವರದಿಗಳ ಬಣ್ಣದ ಚಿತ್ರಗಳ ಕೆಳಗೂ ಇದೇ ಮೂರು ಮಾತು ಬರೆಯುವ ಕಾನೂನಿದ್ದರೆ ನಮ್ಮ ಎಷ್ಟೋ ಬೆಟ್ಟಗಳು ಉಳಿಯುತ್ತಿದ್ದವು.

ನಾವು ಮಾಡಬೇಕಾದದ್ದು

ಆ ಶಾಲೆಯ ಶಿಕ್ಷಕರ ಬಳಿ ಚಿತ್ರಗಳನ್ನು ಇಳಿಸಿರೆಂದು ನಾನು ಹೇಳಲಿಲ್ಲ. ಮೂರು ಕೆಲಸ ಮಾಡಿರೆಂದು ಕೇಳಿಕೊಂಡೆ. ಓದುಗ ಬಂಧುಗಳನ್ನೂ ಅದನ್ನೇ ಕೇಳಿಕೊಳ್ಳುತ್ತೇನೆ.

ಮೊದಲನೆಯದು, ಅಂಥ ಚಿತ್ರದ ಪಕ್ಕದಲ್ಲಿ ನಿಜವಾದ ಛಾಯಾಚಿತ್ರವನ್ನೂ ಹಾಕಿ. ಬೋನ್‌ಸ್ಟೆಲ್ಲರ ಟೈಟನ್ ಪಕ್ಕದಲ್ಲಿ ಹೈಗನ್ಸ್ ಕಂಡ ಟೈಟನ್ ಇರಲಿ. ಮಕ್ಕಳು ಎರಡನ್ನೂ ನೋಡಿ ವ್ಯತ್ಯಾಸ ಬರೆಯಲಿ. ವಿಜ್ಞಾನ ಎಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿಯದು.

ಎರಡನೆಯದು, ಮಳೆಗಾಲ ಕಳೆದ ಮೇಲೆ ಮಕ್ಕಳನ್ನು ರಾತ್ರಿ ಅಂಗಳಕ್ಕೆ ಕರೆದು ಆಕಾಶವನ್ನು ಅವರೇ ಬರೆಯುವಂತೆ ಮಾಡಿ. ಪೇಟೆಯ ಮಕ್ಕಳಿಗಿಲ್ಲದ ಕತ್ತಲೆಯ ಸಂಪತ್ತು ನಮ್ಮ ಹಳ್ಳಿಗಳಿಗೆ ಇನ್ನೂ ಉಳಿದಿದೆ. ಕೃತ್ತಿಕೆಯಲ್ಲಿ ಎಷ್ಟು ಚುಕ್ಕಿ ಕಂಡಿತೋ ಅಷ್ಟನ್ನೇ ಬರೆಯಲಿ. ಒಂದೂ ಹೆಚ್ಚು ಬೇಡ.

ಮೂರನೆಯದು, ಅದೇ ಕೈಯಿಂದ ಅದೇ ಮಕ್ಕಳು ಊರಿನ ಬೇಣವನ್ನೋ ಸೊಪ್ಪಿನಬೆಟ್ಟವನ್ನೋ ಚೌಕುಳಿ ಕಾಗದದ ಮೇಲೆ ಬರೆಯಲಿ. ಟ್ರುವೆಲೋ ಆಕಾಶಕ್ಕೆ ಹಿಡಿದ ಚೌಕುಳಿಯನ್ನು ನಾವು ನೆಲಕ್ಕೆ ಹಿಡಿಯೋಣ. ಅಜ್ಜ ಅಜ್ಜಿಯರನ್ನು ಕೇಳಿ ಪ್ರತಿ ಹುಲ್ಲಿಗೂ ಹಳ್ಳಕ್ಕೂ ಹೆಸರು ಬರೆಯಲಿ. ಯೋಜನೆಯವರು ಬಣ್ಣದ ಚಿತ್ರ ಹಿಡಿದು ಬಂದ ದಿನ ಗ್ರಾಮಸಭೆಯಲ್ಲಿ ಎದುರಿಡಲು ನಮ್ಮ ಬಳಿಯೂ ಒಂದು ಚಿತ್ರವಿರಲಿ, ಖಾಲಿಯಿಲ್ಲದ ಚಿತ್ರ.

ಆ ಬಾಲಕಿಗೆ ಅಂದು ನಾನು ಉದ್ದದ ಉತ್ತರ ಕೊಡಲಿಲ್ಲ. ಶಾಲೆಯ ಹಿಂದಿನ ದಿಬ್ಬಕ್ಕೆ ಕರೆದೊಯ್ದು, ತರಗೆಲೆ ಸರಿಸಿ, ಒಂದು ಹಿಡಿ ಮಣ್ಣನ್ನು ಅವಳ ಅಂಗೈಗೆ ಹಾಕಿ ಮೂಸಿ ನೋಡಲು ಹೇಳಿದೆ. ಅದರೊಳಗೆ ಒಂದು ಎರೆಹುಳು ಹೊರಳಿತು. ಅವಳು ಕಿರುಚಿದಳು, ಆದರೆ ಕೈ ಕೊಡವಲಿಲ್ಲ. "ಆ ಗೋಡೆಯ ಮೇಲಿರುವ ಯಾವ ಊರಿನಲ್ಲಾದರೂ ಇದು ಸಿಕ್ಕಿದೆಯೆಂದು ಯಾರಾದರೂ ಹೇಳಿದರೆ ನನಗೂ ತಿಳಿಸು, ನಾನೂ ಬರುತ್ತೇನೆ" ಎಂದೆ. ಅವಳು ಮಣ್ಣನ್ನು ತೆಗೆದ ಜಾಗಕ್ಕೇ ಹಾಕಿ, ತರಗೆಲೆ ಮುಚ್ಚಿದಳು.